ಮೂರು ಗೆರೆಯ ಟೈಮಿಂಗ್

ಇನ್ನು ಮುಂದೆ ತಮ್ಮ ಕಾರಿನ ಬಾನೆಟ್ಟನ್ನು ಪರರ ಕೈ ಎತ್ತಬಾರದು ಎಂದು ಹನುಮಂತರಾಜು ಮೇಷ್ಟ್ರು ವಿಜಯದಶಮಿಯ ಬೆಳಿಗ್ಗೆ ಘೋಷಿಸಿದರು. ಘೋಷಣೆ ಕೇಳಲು ಇದ್ದದ್ದು ಹೆಂಡತಿ ಪ್ರಮೀಳಾ ಒಬ್ಬಳೇ. ಅವಳ ಕೈ ಹೋಳಿಗೆಯ ಕಣಕದಲ್ಲಿತ್ತು, ಕಿವಿ ಕುಕ್ಕರಿನ ಕಡೆಗಿತ್ತು.

"ಯಲ್ಲಯ್ಯ ಹಬ್ಬ ಮುಗಿಸ್ಕೊಂಡು ಗ್ಯಾರೇಜ್ ತೆಗೀತಾನಂತೆ. ಅಲ್ಲಿವರ್ಗೂ ಅದನ್ನ ಮುಟ್ಬೇಡಿ," ಅಂದಳು.

"ಯಲ್ಲಯ್ಯ ಏನ್ಮಾಡ್ತಾನೆ? ಕಿವಿ ಇಟ್ಟು ಕೇಳ್ತಾನೆ, ಸ್ಕ್ರೂ ತಿರುಗಿಸ್ತಾನೆ. ಅದೂ ಒಂದು ವಿದ್ಯೆನಾ? ಟೈಮಿಂಗ್ ಅಂದ್ರೆ ಡಿಗ್ರಿ ಕಣೇ. ಡಿಗ್ರಿ ಅಂದ್ರೆ ಕೋನ. ಕೋನದ ವಿಷಯದಲ್ಲಿ ನನಗೆ ಪಾಠ ಹೇಳೋರು ತುಮಕೂರು ಜಿಲ್ಲೇಲಿ ಇನ್ನೂ ಹುಟ್ಟಿಲ್ಲ."

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಕ್ಯಾತ್ಸಂದ್ರದ ಅವರ ಬಾಡಿಗೆ ಮನೆಯ ಮುಂದೆ ನಿಂತಿದ್ದ ಹಾಲುಬಣ್ಣದ ಹಳೇ ಫಿಯೆಟ್ಟು ನಿಜ ಹೇಳಬೇಕೆಂದರೆ ಅವರದ್ದಲ್ಲ, ಮಾವ ರಾಮಾಂಜಿನಯ್ಯನವರದ್ದು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸಿದ ಮಾವ, ಕಣ್ಣಿನ ಆಪರೇಷನ್ ಆದ ಮೇಲೆ ಅದನ್ನು ದೊಡ್ಡಳಿಯನ ಕೈಗೆ ಒಪ್ಪಿಸಿದ್ದರು. ಒಪ್ಪಿಸಿದ್ದರು ಅಷ್ಟೇ, ಬರೆದುಕೊಟ್ಟಿರಲಿಲ್ಲ. ಮೇಷ್ಟ್ರ ಪ್ರಾಣವೆಲ್ಲ ಆ ಕಾರಿನ ಮೇಲೆ. ಆದರೆ ಗುಬ್ಬಿಯಲ್ಲಿದ್ದ ಷಡ್ಡಕ ಅಂಜನ್‌ಕುಮಾರನಿಗೂ ಅದರ ಮೇಲೆ ಕಣ್ಣು ಬಿದ್ದಿತ್ತು. ಮನೆಯಲ್ಲಿ ಹೊಸ ಕಾರು ಮಿಂಚುತ್ತ ನಿಂತಿದ್ದರೂ ಹಳೆಯದೊಂದು ಬೇಕಂತೆ, ಶೋಕಿಗೆ! "ಮಾವ, ಗಾಡಿ ಅಲ್ಲಿ ಕೆಮ್ತಾ ಇದೆಯಂತೆ" ಎಂದು ಅವನೇ ಹೋಗಿ ಊದಿದ್ದ.

ಮಾವ ಫೋನ್ ಮಾಡಿ ತೀರ್ಪಿನ ದಿನ ಗೊತ್ತು ಮಾಡಿದ್ದರು. "ಹಬ್ಬದ ಮಾರನೇ ದಿನ ಎಲ್ಲರೂ ಊಟಕ್ಕೆ ಬರ್ತೀರಲ್ಲ, ಅದರಲ್ಲೇ ಬನ್ನಿ ಮೇಷ್ಟ್ರೆ. ಕೆರೆ ಏರಿ ಹತ್ತಿ ನಮ್ಮಂಗಳಕ್ಕೆ ಕೆಮ್ಮದೆ ಬಂತೋ, ಗಾಡಿ ನಿಮ್ದು. ಇಲ್ದಿದ್ರೆ ಗುಬ್ಬಿಗೆ ಹೋಗ್ಲಿ ಬುಡಿ."

ಕಾರು ಕೆಮ್ಮುತ್ತಿದ್ದದ್ದು ನಿಜ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ಸಲ, ಆಮೇಲೆ ಇಲ್ಲ. ಆ ಒಂದೆರಡು ಕೆಮ್ಮೇ ಮೇಷ್ಟ್ರ ನಿದ್ದೆ ಕೆಡಿಸಿತ್ತು. ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಅವರು ಅರ್ಧ ಇಂಜಿನಿಯರ್ ಆಗಿದ್ದರು. 'ಹಳೇ ಕಾರು ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ ಉಳಿದರ್ಧವನ್ನೂ ಮುಗಿಸಿಕೊಂಡಿದ್ದರು.

ಹಿಂದಿನ ದಿನ ಆಯುಧಪೂಜೆ ಗಡದ್ದಾಗಿ ನಡೆದಿತ್ತು. ಮೇಷ್ಟ್ರು ಕಾರು ತೊಳೆದು, ಬಾಳೆಕಂದು, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋಗಿ, ಚೌಕಾಸಿ ಮಾಡುತ್ತ ಅಲ್ಲೇ ಬೇರು ಬಿಟ್ಟಿದ್ದರು. ಅಷ್ಟರಲ್ಲಿ ಪ್ರಮೀಳಾ ಮನೆಯ ಸಮಸ್ತ ಯಂತ್ರಗಳಿಗೂ ಪೂಜೆ ಮುಗಿಸಿದ್ದಳು. ಗಿರಣಿ ಮನೆಯ ಮಗಳು ಅವಳು. ಮಿಕ್ಸಿ, ಗ್ರೈಂಡರ್, ಹೊಲಿಗೆ ಯಂತ್ರ ಯಾವುದನ್ನೂ ಬಿಟ್ಟಿರಲಿಲ್ಲ. ಫ್ಯಾನಿನ ರೆಕ್ಕೆಗೂ ಸ್ಟೂಲು ಹತ್ತಿ ವಿಭೂತಿ ಬಳಿದಿದ್ದಳು. ರಾತ್ರಿ ಸ್ವಿಚ್ ಹಾಕಿದಾಗ ಅದು ಮೇಷ್ಟ್ರ ಊಟದ ತಟ್ಟೆಗೆ ಉದುರಿ, ಅವರು ಗೊಣಗಿಕೊಂಡು ಉಂಡಿದ್ದರು.

ಇರಲಿ, ಬಾನೆಟ್ಟಿಗೆ ಬರೋಣ. ಇಂಜಿನ್ನಿನ ಮುಂಭಾಗದಲ್ಲಿ ಬೆಲ್ಟು ಸುತ್ತಿಕೊಂಡ ಒಂದು ಪುಲ್ಲಿ ಇರುತ್ತದೆ. ಅದರ ಅಂಚಿನಲ್ಲಿ ಕಂಪನಿಯವರು ಗುರುತು ಮಾಡಿರುತ್ತಾರೆ. ಆ ಗುರುತು ಪಕ್ಕದ ಮುಳ್ಳಿನ ಎದುರಿಗೆ ಬಂದಾಗ ಸರಿಯಾಗಿ ಕಿಡಿ ಹಾರಬೇಕು. ಕಿಡಿ ಮುಂಚೆ ಹಾರಿದರೂ ಕಷ್ಟ, ತಡವಾದರೂ ಕಷ್ಟ. ಇದಕ್ಕೆ ಟೈಮಿಂಗ್ ಎಂದು ಹೆಸರು. ಮೇಷ್ಟ್ರು ಟಾರ್ಚು ಹಿಡಿದು ಬಗ್ಗಿದರು. ಬಗ್ಗಿದವರು ಹಿಗ್ಗಿ ಹೀರೇಕಾಯಿಯಾದರು.

"ಪ್ರಮೀಳಾ, ಬಾ ಇಲ್ಲಿ! ಯಲ್ಲಯ್ಯ ಯಾವಾಗ್ಲೂ 'ಗುರುತು ಅಳಿಸೋಗದೆ ಸಾ, ಅಂದಾಜಿನ ಮೇಲೆ ಇಡ್ತೀನಿ' ಅಂತಿದ್ನಲ್ಲ. ನೋಡು, ಎಷ್ಟು ಸ್ಪಷ್ಟವಾಗಿ ಕಾಣ್ತಿದೆ!"

"ನನ್ನ ಕೈ ಎಲ್ಲ ಹೂರಣ ರೀ, ನೀವೇ ನೋಡ್ಕೊಳ್ಳಿ," ಎಂದು ಒಳಗಿನಿಂದ ಉತ್ತರ ಬಂತು. ಆಗ ಅವಳು ಕೈ ತೊಳೆದುಕೊಂಡು ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಪುಲ್ಲಿಯ ಮೇಲೆ ಬೆಳ್ಳಗೆ ಮೂರು ಗೆರೆ ಇದ್ದವು. ನಡುವಿನ ಗೆರೆಯ ಮೇಲೆ ಒಂದು ಕೆಂಪು ಚುಕ್ಕೆ. ಗಣಿತದ ಮೆದುಳಿಗೆ ಇಷ್ಟು ಸಾಲದೆ? ಮೊದಲನೆಯದು ಸೊನ್ನೆ, ಎರಡನೆಯದು ಐದು ಡಿಗ್ರಿ, ಮೂರನೆಯದು ಹತ್ತು. ಬಳಸಬೇಕಾದದ್ದು ನಡುವಿನದು ಎಂದು ಕಂಪನಿಯವರೇ ಕೆಂಪು ಚುಕ್ಕೆ ಇಟ್ಟು ತೋರಿಸಿದ್ದಾರೆ! ಆಗಿನ ಕಾಲದ ಇಂಜಿನಿಯರುಗಳ ಶ್ರದ್ಧೆಗೆ ಮೇಷ್ಟ್ರು ಮನಸ್ಸಿನಲ್ಲೇ ಕೈ ಮುಗಿದರು. ಫೋಟೊ ತೆಗೆದು, "ಗುರುತು ಅಳಿಸಿದೆ ಎನ್ನುವ ಮೆಕ್ಯಾನಿಕ್ಕುಗಳನ್ನು ನಂಬಬೇಡಿ. ಕೆಂಪು ಚುಕ್ಕೆಯನ್ನು ಹುಡುಕಿ" ಎಂಬ ಸಂದೇಶದೊಂದಿಗೆ ಬಳಗಕ್ಕೆ ಕಳಿಸಿದರು. ಹೆಬ್ಬೆರಳುಗಳು, ಜೋಡಿಸಿದ ಕೈಗಳು ಸಾಲುಸಾಲಾಗಿ ಬಂದವು.

ಕೆಂಪು ಚುಕ್ಕೆಯನ್ನು ಮುಳ್ಳಿಗೆ ನೇರ ಮಾಡಿ, ಪುಟ್ಟ ಬಲ್ಬು ಹಚ್ಚಿ ಕಿಡಿಯ ಕ್ಷಣವನ್ನು ನೋಡಿಕೊಂಡು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿ ಮಾಡಿದರು. ಕೀ ತಿರುಗಿಸಿದರು. ಕಾರು ಚಳಿಜ್ವರ ಬಂದಂತೆ ನಡುಗಿತು.

"ಟೈಮಿಂಗ್ ಪರ್ಫೆಕ್ಟು. ಈಗ ಕಾರ್ಬುರೇಟರಿನ ಬಂಡವಾಳ ಹೊರಗೆ ಬರ್ತಿದೆ," ಎಂದು ಮೇಷ್ಟ್ರು ಸ್ಕ್ರೂ ಡ್ರೈವರ್ ಎತ್ತಿಕೊಂಡರು. ಪೆಟ್ರೋಲ್ ಸ್ಕ್ರೂ ಬಿಚ್ಚಿದರೆ ಕರಿ ಹೊಗೆ, ಬಿಗಿದರೆ ಮೌನ. ಐಡ್ಲಿಂಗ್ ಸ್ಕ್ರೂ ಏರಿಸಿದರೆ ನಿಂತಲ್ಲೇ ವಿಮಾನದ ಸದ್ದು. ಸಂಜೆಯ ಹೊತ್ತಿಗೆ ಕಾರು ಹೇಗೋ ಉಸಿರು ಹಿಡಿದು ನಿಂತಿತು. ನಡುನಡುವೆ ಸೈಲೆನ್ಸರಿನಿಂದ ಧಡ್ ಎಂದು ಗುಂಡು ಹಾರುತ್ತಿತ್ತು. ಬನ್ನಿ ಕೊಡಲು ಬಂದ ಎದುರುಮನೆಯ ಸಿದ್ದಲಕ್ಷ್ಮಮ್ಮ ಒಂದು ಸದ್ದಿಗೆ ಎಲೆಯನ್ನು ಅಲ್ಲೇ ಚೆಲ್ಲಿ ವಾಪಸ್ ಹೋದರು.

"ಮುಂಚೆ ಬೆಳಿಗ್ಗೆ ಹೊತ್ತು ಒಂದೆರಡು ಸಲ ಕೆಮ್ತಿತ್ತು ಅಷ್ಟೇ ಅಲ್ವಾ?" ಎಂದು ಪ್ರಮೀಳಾ ಮೆತ್ತಗೆ ಕೇಳಿದಳು.

"ಹಳೇ ಕಫ ಹೊರಗೆ ಬರ್ತಿದೆ ಕಣೇ. ನಾಳೆ ಹೊತ್ತಿಗೆ ಗಂಟಲು ಕ್ಲಿಯರ್."

ಮಾರನೇ ದಿನ ಹೋಳಿಗೆ ಡಬ್ಬಿ ಹಿಂದಿನ ಸೀಟಿನಲ್ಲಿ, ದಂಪತಿಗಳು ಮುಂದೆ. ಗೂಳೂರು ದಾಟುವಾಗಲೇ ಸೈಕಲ್ಲುಗಳು ಕಾರನ್ನು ಹಿಂದೆ ಹಾಕತೊಡಗಿದವು. ಆಕ್ಸಿಲರೇಟರ್ ತುಳಿದಷ್ಟೂ ಕಾರು ಯೋಚಿಸುತ್ತಿತ್ತು, ಓಡುತ್ತಿರಲಿಲ್ಲ. ಹೆಬ್ಬೂರಿನಲ್ಲಿ ರೇಡಿಯೇಟರ್ ಕುದಿದು ಹಬೆ ಬಂತು. ಟೀ ಅಂಗಡಿಯವನು ಬಿಂದಿಗೆಯಲ್ಲಿ ನೀರು ಕೊಟ್ಟು, "ಮಾರ್ಬಿಡಿ ಸಾ" ಎಂಬ ಸಲಹೆಯನ್ನೂ ಪುಕ್ಕಟೆಯಾಗಿ ಸೇರಿಸಿದ. ಕಾರು ಗುಬ್ಬಿಯ ಶೆಡ್ಡಿನಲ್ಲಿ, ಅಂಜನ್‌ಕುಮಾರನ ಹೊಸ ಕಾರಿನ ಪಕ್ಕ, ಹೊದಿಕೆ ಹೊದ್ದು ನಿಂತಿರುವ ಚಿತ್ರ ಮೇಷ್ಟ್ರ ಕಣ್ಣ ಮುಂದೆ ಬಂತು. ಅವರಿಗೆ ನಿಜವಾಗಿಯೂ ಅಳು ಬರುವ ಹಾಗಾಯಿತು.

"ಬೇಜಾರ್ ಮಾಡ್ಕೋಬೇಡಿ, ಅಪ್ಪಂಗೆ ನಾನು ಹೇಳ್ತೀನಿ," ಎಂದು ಪ್ರಮೀಳಾ ಅವರ ಭುಜ ತಟ್ಟಿದಳು.

ಕೊತ್ತಗೆರೆಯ ಏರಿಯ ಅರ್ಧಕ್ಕೆ ಕಾರು ಕೊನೆಯ ಗುಂಡು ಹಾರಿಸಿ ನಿಂತುಬಿಟ್ಟಿತು. ಕೆರೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದವು. ಹಿಂದಿನಿಂದ ಸದ್ದೇ ಇಲ್ಲದೆ ಬಂದು ನಿಂತದ್ದು ಯಾರ ಕಾರು? ಅಂಜನ್‌ಕುಮಾರನದ್ದೇ!

"ಭಾವ, ತಳ್ಳಲಾ?" ಅಂದ. ಹಲ್ಲುಗಳೆಲ್ಲ ಕಾಣುತ್ತಿದ್ದವು.

ಹೀಗೆ ಹಾಲುಬಣ್ಣದ ಫಿಯೆಟ್ಟು, ಕೆಮ್ಮದೆ ಅಂಗಳಕ್ಕೆ ಬಂತು. ತಳ್ಳಿಸಿಕೊಂಡು ಬಂದದ್ದು ಕೆಮ್ಮುವುದಾದರೂ ಹೇಗೆ? ರಾಮಾಂಜಿನಯ್ಯನವರು ಜಗಲಿಯಿಂದ ಇಳಿದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, ಬಿಸಿಗೆ ಹಿಂದಕ್ಕೆಳೆದುಕೊಂಡರು.

"ಏನ್ ಕಾಯ್ಲೆ ಇತ್ತು ಇದಕ್ಕೆ?"

"ಬೆಳಿಗ್ಗೆ ಒಂದೆರಡು ಕೆಮ್ಮು, ಮಾವ."

"ವಯಸ್ಸಾದ್ಮೇಲೆ ನಾನೂ ಬೆಳಿಗ್ಗೆ ಕೆಮ್ತೀನಿ. ನನ್ ಬಾನೆಟ್ಟೂ ಬಿಚ್ತೀರಾ?"

ಅಂಜನ್‌ಕುಮಾರ ಕಿಸಕ್ಕೆಂದ. ಮೇಷ್ಟ್ರ ಸ್ವಾಭಿಮಾನ ಕೆರಳಿತು. "ಟೈಮಿಂಗ್‌ನಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಮಾವ. ಕಂಪನಿ ಗುರುತಿಗೇ ಇಟ್ಟಿದೀನಿ. ಬೇಕಾದ್ರೆ ನೋಡಿ." ಬಾನೆಟ್ಟು ಎತ್ತಿ, ಟಾರ್ಚು ಬಿಟ್ಟು, ತರಗತಿಯ ಗತ್ತಿನಲ್ಲಿ ಬೆರಳು ತೋರಿಸಿದರು. "ಮೂರು ಗೆರೆ. ಸೊನ್ನೆ, ಐದು, ಹತ್ತು. ನಡುವೆ ಕೆಂಪು ಚುಕ್ಕೆ."

ಮಾವ ಬಗ್ಗಿದರು. ಕಣ್ಣು ಸಾಲದೆ ಮಗಳನ್ನು ಕರೆದರು. ಪ್ರಮೀಳಾ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದಳು. ಗಂಡನ ಮುಖ ನೋಡಿದಳು. ಮತ್ತೆ ಪುಲ್ಲಿ ನೋಡಿದಳು.

"ರೀ, ಅದು ನಾನು ಇಟ್ಟ ವಿಭೂತಿ ಕಣ್ರೀ."

ಮೇಷ್ಟ್ರ ಟಾರ್ಚು ಇನ್ನೂ ಕೆಂಪು ಚುಕ್ಕೆಯ ಮೇಲೇ ಇತ್ತು.

"ಆಯುಧಪೂಜೆ ದಿನ ನೀವು ಮಾರ್ಕೆಟ್ಟಿಗೆ ಹೋಗಿದ್ರಲ್ಲ, ಆಗ ಬಾನೆಟ್ಟೆತ್ತಿ ಇಟ್ಟೆ. ತಿರುಗೋದಕ್ಕೆಲ್ಲ ಇಡ್ಬೇಕು ಅಂತ ನಮ್ಮ ಗಿರಣೀಲಿ ಮುಂಚಿಂದ ಪದ್ಧತಿ. ಅದು ಕುಂಕುಮ."

ಮೊದಲು ನಕ್ಕದ್ದು ಒಳಗಿನಿಂದ ಬಂದ ಅತ್ತೆ ಗಂಗಲಕ್ಷ್ಮಮ್ಮ. ಆಮೇಲೆ ನಗು ಅಂಗಳ ದಾಟಿ ಪಕ್ಕದ ಮನೆಗೂ ಹೋಯಿತು. ಮಾವ ಕಣ್ಣೊರೆಸಿಕೊಳ್ಳುತ್ತ ಒದ್ದೆ ಬಟ್ಟೆ ತರಿಸಿ ಪುಲ್ಲಿ ಒರೆಸಿದರು. ಮೂರು ಗೆರೆಯ ಪಕ್ಕದಲ್ಲೇ, ಜಿಡ್ಡಿನ ಅಡಿಯಲ್ಲಿ, ಕಂಪನಿಯವರು ಕೊರೆದ ಒಂದೇ ಒಂದು ಸಣ್ಣ ಗೀರು ತಣ್ಣಗೆ ಮಲಗಿತ್ತು. ಮಾವ ಹೇಳಿದಂತೆ ಪ್ರಮೀಳಾ ಆ ಗೀರಿಗೆ ಕಿಡಿ ಹೊಂದಿಸಿ, ಮೇಷ್ಟ್ರು ತಿರುಚಿದ ಸ್ಕ್ರೂಗಳನ್ನೆಲ್ಲ ಹಿಂದಕ್ಕೆ ತಂದು ಕೀ ತಿರುಗಿಸಿದಾಗ ಕಾರು ನಡುಗಲಿಲ್ಲ, ಗುಂಡು ಹಾರಿಸಲಿಲ್ಲ. ಒಂದೆರಡು ಸಲ ಕೆಮ್ಮಿ, ಮೆತ್ತಗೆ ಗುನುಗತೊಡಗಿತು.

ಊಟದ ಎಲೆ ಮುಂದೆ ತೀರ್ಪು ಬಂತು. "ಗುಬ್ಬಿಗೆ ಬೇಡ," ಅಂದರು ಮಾವ. ಮೇಷ್ಟ್ರ ಬಾಯಲ್ಲಿದ್ದ ಹೋಳಿಗೆಗೆ ಆಗ ರುಚಿ ಬಂತು. "ಮೇಷ್ಟ್ರಿಗೂ ಬೇಡ. ಇಂಥ ಟೈಮಿಂಗಲ್ಲೂ ಗಾಡಿ ಕೆರೆ ಏರಿ ತನಕ ಬಂದೈತೆ ಅಂದ್ರೆ ಅದು ಇವಳು ಮಾಡಿದ ಪೂಜೆಯಿಂದ. ಗಾಡಿ ಪ್ರಮೀಳನ ಹೆಸರಿಗೆ ಬರೀತೀನಿ."

ವಾಪಸ್ ಬರುವಾಗ ಸ್ಟಿಯರಿಂಗ್ ಹಿಡಿದದ್ದು ಪ್ರಮೀಳಾ. ಮದುವೆಗೆ ಮುಂಚೆ ಇದೇ ಕಾರಿನಲ್ಲಿ ಅಪ್ಪನ ಗಿರಣಿಗೆ ರಾಗಿ ಮೂಟೆ ಸಾಗಿಸುತ್ತಿದ್ದಳಂತೆ. ಮೇಷ್ಟ್ರಿಗೆ ಅದೂ ಇವತ್ತೇ ಗೊತ್ತಾದದ್ದು. ಪಕ್ಕದ ಸೀಟಿನಲ್ಲಿ ಖಾಲಿ ಹೋಳಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವರು ಕೂತಿದ್ದರು. ಹೆಬ್ಬೂರಿನ ಟೀ ಅಂಗಡಿ ಸರ್ರನೆ ಹಿಂದೆ ಹೋಯಿತು. ಆಗ ಮೊಬೈಲು ಟಣ್ ಎಂದಿತು. ಹಳೇ ಕಾರು ಬಳಗದಲ್ಲಿ ನಿಟ್ಟೂರಿನ ಗಂಗಣ್ಣ ಬರೆದಿದ್ದ.

ಮೇಷ್ಟ್ರು ಓದಿ ಹೇಳಿದರು. "'ಸಾರ್, ನಮ್ಮ ಗಾಡೀಲಿ ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ಕೆಂಪು ಚುಕ್ಕೆನೂ ಇಲ್ಲ, ಮೂರು ಗೆರೆನೂ ಇಲ್ಲ. ಮೆಕ್ಯಾನಿಕ್ ಡೂಪ್ಲಿಕೇಟ್ ಪುಲ್ಲಿ ಹಾಕವ್ನಾ?' ಅಂತೆ. ಏನಂತ ಬರೀಲಿ ಪ್ರಮೀಳಾ?"

ಪ್ರಮೀಳಾ ರಸ್ತೆಯಿಂದ ಕಣ್ಣು ತೆಗೆಯದೆ ಗೇರು ಬದಲಾಯಿಸಿದಳು.

"ಮುಂದಿನ ಆಯುಧಪೂಜೆಗೆ ಬರುತ್ತೆ, ಅಲ್ಲಿವರ್ಗೂ ಯಾವ ಸ್ಕ್ರೂನೂ ಮುಟ್ಬೇಡ ಅಂತ ಬರೀರಿ."

ಮೇಷ್ಟ್ರು ಹಾಗೆಯೇ ಬರೆದರು.