ಕಾಯಿಸಿ ಆರಿಸಿದ ನೀರಿನ ಬೂಷ್ಟು

ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ನಮ್ಮ ಜನ ಮೇಲಿನದನ್ನು ಕೆರೆದು ಎಸೆದು, ಕೆಳಗಿನದನ್ನು ನೆಮ್ಮದಿಯಾಗಿ ಊಟಕ್ಕೆ ಹಾಕಿಕೊಳ್ಳುತ್ತಾರೆ. ಕುಡಿಯುವ ನೀರಿನಲ್ಲೂ ಬೂಷ್ಟು ಇರುತ್ತದೆ ಎಂದರೆ ಮಾತ್ರ ನನ್ನ ಮುಖವನ್ನೇ ಕನಿಕರದಿಂದ ನೋಡುತ್ತಾರೆ. ಅದನ್ನು ಹುಡುಕಿ ಎಣಿಸುವುದೇ ನನ್ನ ಹೊಟ್ಟೆಪಾಡು. ಪಾಂಡವಪುರದ ಪುಟ್ಟ ಪ್ರಯೋಗಾಲಯದಲ್ಲಿ ಕೂತು, ನಲ್ಲಿ ನೀರನ್ನು ತೆಳುವಾದ ಸೋಸುಹಾಳೆಯ ಮೂಲಕ ಇಳಿಸಿ, ಆ ಹಾಳೆಯನ್ನು ಬೂಷ್ಟಿಗೆ ಪ್ರಿಯವಾದ ಆಹಾರ ಹಾಕಿದ ತಟ್ಟೆಯಲ್ಲಿಟ್ಟು ಕಾಯುತ್ತೇನೆ. ಕೆಲವು ದಿನ ಕಳೆದರೆ, ಕಣ್ಣಿಗೆ ಕಾಣದೆ ಬಂದವರೆಲ್ಲ ಹತ್ತಿಯಂಥ ಚುಕ್ಕೆಗಳಾಗಿ ಎದ್ದು ಕೂರುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ನೀರಿನ ಲೋಟವನ್ನು ಆಚೆ ಸರಿಸಿಕೊಳ್ಳುತ್ತಾರೆ. "ಸುಮ್ಕೆ ಕುಡಿಯಕ್ಕೆ ಬುಡಪ್ಪಾ" ಎಂದು ಒಬ್ಬರು ಕೈಮುಗಿದದ್ದೂ ಉಂಟು.

ಸಿಂಧಘಟ್ಟದ ನನ್ನಕ್ಕ ಮಾತ್ರ ಈ ವಿದ್ಯೆಯನ್ನು ನಂಬಿದಳು. ನಂಬಲೇಬೇಕಾದ ಕಷ್ಟ ಬಂದಿತ್ತು. ಭಾವನಿಗೆ ಕಿಡ್ನಿ ಬದಲಾಯಿಸಿದ್ದರು. ಹೊಸ ಕಿಡ್ನಿಯನ್ನು ಮೈ ಒಪ್ಪಿಕೊಳ್ಳಲೆಂದು ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಡುತ್ತವೆ. ನಮಗೆ ನಿಮಗೆ ಏನೂ ಮಾಡದ ಬೂಷ್ಟು ಅಂಥವರ ಮೈಯಲ್ಲಿ ಬೇರು ಬಿಟ್ಟರೆ ಜೀವಕ್ಕೇ ಸಂಚಕಾರ. ನೀರಿನ ಬಗ್ಗೆ ಹುಷಾರು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ದಿನಾ ಕಾಯ್ಸಿ ಆರ್ಸಿ ಕೊಡ್ತಾ ಇವ್ನಿ ಕಣ್ಲಾ. ಆದ್ರೂ ಒಂದ್ಸಲ ನೋಡ್ಬುಡು" ಎಂದು ಅಕ್ಕ ಫೋನು ಮಾಡಿದಳು. ನಾನು ಹೋಗಿ, ನಲ್ಲಿಯದೊಂದು, ಭಾವ ಕುಡಿಯುವ ಬಿಂದಿಗೆಯದೊಂದು ಸೀಸೆ ನೀರು ಹಿಡಿದು ತಂದೆ.

ನಲ್ಲಿ ನೀರಿನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಕಾಯಿಸಿ ಆರಿಸಿದ ನೀರಿನ ತಟ್ಟೆಯಲ್ಲಿ ಎಣಿಸಲು ಜಾಗವಿಲ್ಲದಷ್ಟು ಕಪ್ಪು, ಹಸಿರು. ಸೀಸೆ ಅದಲುಬದಲಾಗಿದೆ ಎಂದು ಜೊತೆಯವರ ಮೇಲೆ ರೇಗಿದೆ. ಮತ್ತೆ ನೀರು ತಂದೆ. ಮತ್ತೆ ಅದೇ. ಕುದಿಯುವ ನೀರಿನಲ್ಲೂ ಬದುಕುವ ಬೂಷ್ಟನ್ನು ಕಂಡುಹಿಡಿದುಬಿಟ್ಟೆ ಎಂದು ಒಂದು ಗಳಿಗೆ ಎದೆಯುಬ್ಬಿದ್ದೂ ನಿಜ. ಆಮೇಲೆ ಭಾವನ ನೆನಪಾಗಿ ನಾಚಿಕೆಯಾಯಿತು.

ಮುಂದಿನ ಸಲ ಹೋದಾಗ ಅಡುಗೆಮನೆಯಲ್ಲೇ ಕೂತು ನೋಡಿದೆ. ಅಕ್ಕ ನೀರನ್ನು ಚೆನ್ನಾಗಿ ಕುದಿಸಿದಳು, ಮುಚ್ಚಿಟ್ಟು ಆರಿಸಿದಳು. ಆಮೇಲೆ ಕಿಟಕಿಯ ಸರಳಿನಲ್ಲಿ ನೇತಾಡುತ್ತಿದ್ದ ಒದ್ದೆ ಬಟ್ಟೆಯನ್ನು ಬಿಂದಿಗೆಯ ಬಾಯಿಗೆ ಬಿಗಿದು, ಆರಿದ ನೀರನ್ನು ಅದರ ಮೇಲೆ ಸುರಿದಳು. ಕಾಯಿಲೆಯವರಿಗೆ ಸೋಸದ ನೀರು ಕೊಡುವುದೆಂದರೆ ನಮ್ಮ ಕಡೆ ಅಸಡ್ಡೆ ಎಂದೇ ಲೆಕ್ಕ. ಆ ಬಟ್ಟೆ, ತೀರಿಕೊಂಡ ನಮ್ಮವ್ವನ ಸೀರೆಯ ತುಂಡು. ಅಕ್ಕ ದಿನಾ ಒಗೆಯುತ್ತಿದ್ದಳು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಆದರೆ ಅದು ಒಂದು ದಿನವೂ ಪೂರ್ತಿ ಒಣಗಿರಲಿಲ್ಲ.

ಗಂಡನನ್ನು ಉಳಿಸಿಕೊಳ್ಳಲು ಒದ್ದಾಡುತ್ತಿರುವವಳಿಗೆ, ನಿನ್ನ ಕೈಯಾರೆ ಬೂಷ್ಟು ಕುಡಿಸುತ್ತಿದ್ದೀಯ ಎಂದು ಹೇಗೆ ಹೇಳಲಿ? "ಪರೀಕ್ಷೆಗೆ ಈ ಬಟ್ಟೆ ಬೇಕು ಕಣಕ್ಕ" ಎಂದುಬಿಟ್ಟೆ. ಅವಳು ಅದನ್ನು ಇನ್ನೊಮ್ಮೆ ಒಗೆದು, ಹಿಂಡಿ, ಕವರಿಗೆ ಹಾಕಿ ಕೊಟ್ಟಳು. ಅಕ್ಕನ ಮನಸ್ಸೂ ನೋಯಲಿಲ್ಲ, ಭಾವನ ನೀರೂ ಶುದ್ಧವಾಯಿತು ಎಂದು ಬಸ್ಸಿನಲ್ಲಿ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ವಾರ ಬಿಟ್ಟು ಫೋನು ಮಾಡಿ, ಈಗ ನೀರು ಹೇಗೆ ಕೊಡ್ತಿದ್ದೀಯ ಎಂದು ಕೇಳಿದೆ.

"ನೀನು ಬಟ್ಟೆ ಎತ್ಕಂಡೋದ್ಯಲ್ಲ, ಅವತ್ತೇ ಅವ್ವನ ಸೀರೇಲಿ ಇನ್ನೊಂದ್ ತುಂಡು ಅರ್ಕಂಡೆ. ಸೋಸ್ದೆ ಎಂಗ್ಲಾ ಕೊಡದು?"

ಆವತ್ತೇ ಬಸ್ಸು ಹತ್ತಿದೆ. ಎದುರಿಗೆ ಕೂತು ಎಲ್ಲ ಹೇಳಿದೆ. ಅಕ್ಕ ಅಳಲಿಲ್ಲ. ಎದ್ದು ಹೋಗಿ ಬಟ್ಟೆಯನ್ನು ನೀರೊಲೆಗೆ ಹಾಕಿ ಬಂದಳು.

"ನಂಗೆ ಬೇಜಾರಾಯ್ತದೆ ಅಂತ ವಾರ ಸುಮ್ಕಿದ್ಯಾ? ಅಷ್ಟ್ ದಿನಾನೂ ನಿಮ್ ಬಾವ ಅದೇ ನೀರ್ ಕುಡುದ್ರಲ್ಲೋ!"

ಭಾವನನ್ನು ಮತ್ತೆ ಡಾಕ್ಟರಿಗೆ ತೋರಿಸಿ, ಏನೂ ಆಗಿಲ್ಲ ಎನ್ನಿಸಿಕೊಳ್ಳುವವರೆಗೆ ನನಗೆ ಅನ್ನ ರುಚಿಸಲಿಲ್ಲ. ಅಕ್ಕ ಈಗಲೂ ಆಗಾಗ ನೀರು ಕಳಿಸುತ್ತಾಳೆ. ಫಲಿತಾಂಶವನ್ನು ಮಾತ್ರ ನನ್ನಿಂದ ಕೇಳುವುದಿಲ್ಲ. ನೇರವಾಗಿ ಪ್ರಯೋಗಾಲಯಕ್ಕೆ ಫೋನು ಮಾಡಿ, "ನನ್ ತಮ್ಮನ್ನ ಬುಟ್ಟು ಇನ್ಯಾರಾದ್ರೂ ಇದ್ರೆ ಕೊಡಿ" ಎನ್ನುತ್ತಾಳೆ.