ನಾಸ್ತಿಕರು ಬೈಬಲ್ ಓದಲು ಕೂತದ್ದು

ನಾನು ಅಪ್ಪಟ ನಾಸ್ತಿಕ. ಎಪ್ಪತ್ತರ ದಶಕದಲ್ಲಿ ಘಾಟ್ಕೋಪರ್‌ನ ನಮ್ಮ ಚಾಳಿನ ವಠಾರಕ್ಕೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ಹೋಗಿ ಹೇಳಿಬರುತ್ತಿದ್ದೆ! ಪರೇಲಿನ ನಾಸ್ತಿಕ ಸಂಘದವರು ನಮ್ಮಲ್ಲೊಂದು ಶಾಖೆ ತೆರೆಯುವವರಿದ್ದರು. ಅದರ ಕಾರ್ಯದರ್ಶಿಯಾಗಬೇಕೆಂಬುದು ನನ್ನ ಜೀವನದ ಏಕೈಕ ಆಸೆ. "ಮೊದಲು ಧರ್ಮಗ್ರಂಥವೊಂದನ್ನು ಓದಿ ಖಂಡಿಸಿರಿ, ಭಾನುವಾರ ಬಂದು ನೋಡುತ್ತೇನೆ" ಎಂದರು ಅಧ್ಯಕ್ಷರು.

ಜೊತೆಗೆ ಇಬ್ಬರು ನಾಸ್ತಿಕರು ಸಿಕ್ಕರು: ಗಾರೆ ಕೆಲಸದ ಗೌಂಡಿ ಬಸಪ್ಪ, ಬಿಜಾಪುರದ ಟೇಲರ್ ಮೆಹಬೂಬ್. ಯಾವ ಗ್ರಂಥ?

"ನಮ್ದು ಬ್ಯಾಡ್ರಿ, ಮನ್ಯಾಗ ರೊಟ್ಟಿ ಸಿಗಂಗಿಲ್ಲ," ಎಂದ ಬಸಪ್ಪ.

"ನಮ್ದೂ ಬ್ಯಾಡ ಭಾಯ್, ಅಮ್ಮಾ ಒಳಗ ಬಿಟ್ಕೊಳ್ಳಂಗಿಲ್ಲ," ಎಂದ ಮೆಹಬೂಬ್.

ಹೀಗೆ ಸಂಪೂರ್ಣ ನಿಷ್ಪಕ್ಷಪಾತವಾಗಿ ಬೈಬಲ್ ಆಯ್ಕೆಯಾಯಿತು.

ಇನ್ನು ಅನುವಾದ. ಇಂಗ್ಲಿಷಿನದನ್ನು ನಾವು ಖಂಡಿಸುವ ಮೊದಲೇ ಅದು ನಮ್ಮನ್ನು ಖಂಡಿಸಿತು. ಮರಾಠಿಯದರಲ್ಲಿ ಬಸಪ್ಪನಿಗೆ ತಿಳಿದದ್ದು ಪುಟದ ಅಂಕಿ ಮಾತ್ರ. ಕನ್ನಡದಲ್ಲಿ ಎರಡು ಸಿಕ್ಕವು. ಒಂದು ಸರಳ, ಇನ್ನೊಂದು ಹಳೆಯದು, ಗಂಭೀರ. ಓದಿದ ಕೂಡಲೇ ತಿಳಿದುಬಿಟ್ಟರೆ ಚರ್ಚೆಗೆ ಅವಕಾಶವೆಲ್ಲಿ? ಹಳೆಯದೇ ಇರಲಿ ಎಂದು ತೀರ್ಪು ಕೊಟ್ಟೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ಆ ಕನ್ನಡ ನೋಡಿದ್ದೇ ತಡ, ನನ್ನಜ್ಜ ಪುರಾಣ ಓದುತ್ತಿದ್ದ ಧಾಟಿ ತಾನಾಗಿಯೇ ಗಂಟಲಿಗೆ ಬಂತು. ರಾಗವಾಗಿ ಓದಿದೆ. ಬಸಪ್ಪ ಊರಿನ ರೂಢಿಯಂತೆ ಪ್ರತಿ ವಾಕ್ಯಕ್ಕೂ "ಹೂಂ" ಎಂದ. ಎರಡನೆಯ ಸಂಜೆ ಪಕ್ಕದ ಖೋಲಿಯ ಗಂಗವ್ವ ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕೂತಳು. ಮೂರನೆಯ ಸಂಜೆ ಇಡೀ ಚಾಳೇ ಕೂತಿತ್ತು! ಊದುಬತ್ತಿ, ಕಾಯಿ, ಬಾಳೆಹಣ್ಣು!

"ಏನಿದು?" ಎಂದು ಹೆಂಡತಿಯನ್ನು ಗದರಿದೆ.

"ಪುರಾಣ ಹಚ್ಚೀರಿ ಅಂದಮ್ಯಾಲೆ ಮಂದಿ ಬರಿಗೈಲೆ ಬರ್ತಾರೇನ್ರೀ?"

ಅಂದೇ ಭಾನುವಾರ; ಅಧ್ಯಕ್ಷರು ಬರುವ ಮೊದಲೇ ಇದನ್ನೆಲ್ಲ ನಿಲ್ಲಿಸಬೇಕೆಂದು ಎದ್ದುನಿಂತೆ. "ನೋಡ್ರಿ, ನಾನು ನಾಸ್ತಿಕ..."

"ಅದಿರ್ಲಿ ಯಪ್ಪಾ," ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಣ್ಣಂದಿರು ಆ ಹುಡುಗನ್ನ ಬಾವ್ಯಾಗ ಒಗದ್ರು ಅಂತ ಹೇಳಿ ನಿನ್ನೆ ನಿಲ್ಲಿಸಿಬಿಟ್ರಿ. ನನಗ ತುತ್ತು ಇಳೀಲಿಲ್ಲ. ಕೂಸು ಬದುಕ್ತೋ ಇಲ್ಲೋ?"

ನನಗೂ ನಿದ್ದೆ ಬಂದಿರಲಿಲ್ಲ! ಕೂತು ಓದಿದೆ. ಹುಡುಗನನ್ನು ಮೇಲೆತ್ತಿದರು ಎನ್ನುತ್ತಲೇ ಎಲ್ಲರೂ ಕೈಮುಗಿದರು. ಹೆಂಡತಿ ಕಾಯಿ ಒಡೆದಳು. ಗಂಗವ್ವ ನನ್ನ ಹಣೆಗೆ ಕುಂಕುಮ ಹಚ್ಚಿ ಕಾಲಿಗೇ ಬಿದ್ದಳು.

ತಲೆಯೆತ್ತಿದರೆ ಬಾಗಿಲಲ್ಲಿ ಅಧ್ಯಕ್ಷರು!

ಅವರ ಮುಖ ಬಿಳಿಚಿಕೊಂಡಿತ್ತು. "ಕಾರ್ಯದರ್ಶಿ ಸ್ಥಾನ ತಮಗೆ ತೀರ ಚಿಕ್ಕದಾಯಿತು, ಸ್ವಾಮಿಗಳೇ!" ಎಂದು ಕೈಮುಗಿದು ಮೆಟ್ಟಿಲಿಳಿದರು.

"ನಾನು ಅಂಥವನಲ್ಲ!" ಎಂದು ಕೂಗಲು ಹೋದೆ. ಮಾತು ಹೊರಡಲಿಲ್ಲ. ಬಾಯಿ ತುಂಬ ಪ್ರಸಾದವಿತ್ತು!