ಬ್ರೇಕ್ ಮೇಷ್ಟ್ರ ಪುದೀನ ಟ್ರಫಲ್

ಗಂಡಸಿಗೆ ಶತ್ರುಗಳು ಹಲವು ಬಗೆ. ಆದರೆ ಹೆಂಡತಿಯ ತಂಗಿಯ ಗಂಡ ಅಡುಗೆ ಬಲ್ಲವನಾಗಿಬಿಟ್ಟರೆ, ಉಳಿದ ಶತ್ರುಗಳೆಲ್ಲ ಅವನ ಮುಂದೆ ನೆಂಟರಂತೆ ಕಾಣುತ್ತಾರೆ. ಈ ಸತ್ಯ ಬ್ರೇಕ್ ಮೇಷ್ಟ್ರಿಗೆ ತಡವಾಗಿ ಗೊತ್ತಾಯಿತು, ಅಂದರೆ ನಾದಿನಿಗೆ ಮದುವೆಯಾದ ಮೇಲೆ.

ಮೇಷ್ಟ್ರು ಕಾರು ಓಡಿಸುವುದನ್ನು ಕಲಿಸುವವರು. ಅವರ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಬಳಿ ಇನ್ನೊಂದು. ಎರಡರಲ್ಲಿ ಮೇಷ್ಟ್ರ ಬ್ರೇಕೇ ಹೆಚ್ಚು ಸವೆದಿತ್ತು. ಹಾಗಾಗಿ ಆ ಹೆಸರು. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಊರವರ ಕಣ್ಣು ಪರೀಕ್ಷಿಸಿ ಪರೀಕ್ಷಿಸಿ ಆಕೆಯ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಗಂಡ ಡಬ್ಬಿಯಿಂದ ಒಂದು ಬಿಸ್ಕತ್ತು ಕದ್ದರೂ ಉಳಿದ ಬಿಸ್ಕತ್ತುಗಳ ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಮನೆಯಲ್ಲಿ ಮೂರನೆಯವರು ಅತ್ತೆ, ಆಕೆಯ ತಾಯಿ. ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುವ ಮರ್ಯಾದಸ್ಥರು. (ಬೈಯುವಾಗಲೂ ಬಹುವಚನವೇ. ಹಾಗಾಗಿ ಬೈಗುಳ ಒಬ್ಬರಿಗಲ್ಲ, ಇಡೀ ಸಮಿತಿಗೆ ಬಿದ್ದಂತಿರುತ್ತಿತ್ತು.)

ಷಡ್ಡಕ ಯಾವುದೋ ವಿಮಾ ಕಚೇರಿಯಲ್ಲಿ ಗುಮಾಸ್ತ. ಆದರೆ ಮೇಷ್ಟ್ರ ಮನೆಗೆ ಅವನ ಕೀರ್ತಿ ಬರುತ್ತಿದ್ದದ್ದು ಅಡುಗೆಮನೆಯ ದಾರಿಯಿಂದ. ವಾರಕ್ಕೊಮ್ಮೆ ನಾದಿನಿಯ ಫೋನು.

"ಅಕ್ಕಾ, ಇವರು ಇವತ್ತು ಕೇಕ್ ಮಾಡಿದ್ರು ಕಣೇ. ಬಾಯಿಗಿಟ್ರೆ ಹತ್ತಿ, ಹತ್ತಿ!"

ಹೆಂಡತಿ ಫೋನು ಇಡುತ್ತಿದ್ದಳು. ಒಂದು ನಿಟ್ಟುಸಿರು ಬಿಡುತ್ತಿದ್ದಳು, ಅಷ್ಟೇ. ಆ ಗಾಳಿಗೆ ಮೇಷ್ಟ್ರ ಕೈಯಲ್ಲಿದ್ದ ಪತ್ರಿಕೆಯ ಹಾಳೆ ತಾನಾಗಿ ಮಗುಚಿಕೊಳ್ಳುತ್ತಿತ್ತು.

ಭಾನುವಾರ ಸಂಜೆ ತಂಗಿ ಮತ್ತು ಅವಳ ಗಂಡ ಚಹಾಕ್ಕೆ ಬರುವುದೆಂದು ನಿಶ್ಚಯವಾಯಿತು. "ತಿನ್ನೋಕೆ ಏನಾದ್ರೂ ಅವರೇ ಮಾಡ್ಕೊಂಡು ಬರ್ತಾರಂತೆ," ಎಂದಳು ಹೆಂಡತಿ, 'ಅವರೇ' ಎಂಬುದನ್ನು ಸ್ವಲ್ಪ ಎಳೆದು.

ಆ ಎಳೆತಕ್ಕೆ ಮೇಷ್ಟ್ರ ತಾಳ್ಮೆ ಕಿತ್ತುಹೋಯಿತು. "ಏನೂ ತರೋದು ಬೇಡ ಅನ್ನು. ಈ ಸಲ ನಾನು ಮಾಡ್ತೀನಿ."

ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಒಂದು ಕಾಳು ಮೇಜಿನಿಂದ ಉರುಳಿ ನೆಲಕ್ಕೆ ಬಿದ್ದ ಸದ್ದು ಮೂವರಿಗೂ ಕೇಳಿಸಿತು.

"ನೀವಾ?" ಎಂದಳು ಹೆಂಡತಿ. "ಹಾಲು ಕಾಯಿಸೋಕೆ ಹೋಗಿ ಪಾತ್ರೆ ತೂತು ಮಾಡಿದವರು ನೀವು. ಒಲೆ ಮುಟ್ಟಬಾರದು ಅಂತ ಅವತ್ತೇ ತೀರ್ಮಾನ ಆಗಿದೆಯಲ್ಲ?"

"ಒಲೆ ಯಾರಿಗೆ ಬೇಕು? ಇದು ಬೇಯಿಸೋ ಗೋಜೇ ಇಲ್ಲದ ತಿಂಡಿ. ಪುದೀನ ಚಾಕೊಲೇಟ್ ಟ್ರಫಲ್!" ಕಲಿಯುವವರಿಗಾಗಿ ಕಾಯುತ್ತ ಕೂತಾಗ ಫೋನಿನಲ್ಲಿ ನೋಡಿದ ವಿಡಿಯೋ ಅದು. ನಗುಮುಖದ ಹೆಂಗಸೊಬ್ಬಳು ಕಣ್ಣು ಮಿಟುಕಿಸುವುದರೊಳಗೆ ತಟ್ಟೆ ತುಂಬ ಉಂಡೆ ಕಟ್ಟಿದ್ದಳು.

"ಟ್ರಾಫಿಕ್ಕಾ?" ಎಂದರು ಅತ್ತೆ. "ರಸ್ತೇಲಿ ಮಾಡಿದ್ದು ಸಾಲದು ಅಂತ ಅಳಿಯಂದಿರು ಮನೇಲೂ ಮಾಡ್ತಾರಂತಾ?"

"ಸರಿ," ಎಂದಳು ಹೆಂಡತಿ. "ಒಲೆ ಮುಟ್ಟದೆ ಮಾಡಿ ತೋರಿಸಿ, ನೋಡೋಣ."

"ಒಲೆ ಏನು, ಬೆಂಕಿಕಡ್ಡಿ ಕೂಡ ಮುಟ್ಟಲ್ಲ!" ಎಂದು ಮೇಷ್ಟ್ರು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟರು.

ಪ್ರತಿಜ್ಞೆ ಮಾಡುವ ಮೊದಲು ವಿಡಿಯೋವನ್ನು ಪೂರ್ತಿ ನೋಡಬೇಕೆಂಬ ನಿಯಮ ಎಲ್ಲೂ ಇಲ್ಲವಷ್ಟೇ. ಭಾನುವಾರ ಬೆಳಿಗ್ಗೆ ಚಾಕೊಲೇಟ್, ಕೆನೆ, ಕೋಕೋ ಪುಡಿ, ಪುಟ್ಟ ಬಾಟಲಿಯಲ್ಲಿ ಪುದೀನ ಎಸೆನ್ಸ್ ಎಲ್ಲವನ್ನೂ ಸಾಲಾಗಿ ಜೋಡಿಸಿ, ಹೆಂಡತಿಯ ಏಪ್ರನ್ ಬಿಗಿದು ವಿಡಿಯೋ ಹಾಕಿದರು. ಆ ನಗುಮುಖದ ಹೆಂಗಸು ಮೊಟ್ಟಮೊದಲು ಹೇಳಿದ್ದು: "ಕೆನೆಯನ್ನು ಬಿಸಿ ಮಾಡಿ ಚಾಕೊಲೇಟಿನ ಮೇಲೆ ಸುರಿದು ಕರಗಿಸಿ." ಬೇಯಿಸುವ ಗೋಜಿಲ್ಲ ಎಂದರೆ ಓವನ್ ಬೇಡ ಎಂದಷ್ಟೇ ಅರ್ಥವಂತೆ!

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಹೆಂಡತಿ, "ಏನ್ರೀ, ಒಲೆ ಹಚ್ಚಿಕೊಡ್ಲಾ?" ಎಂದಳು. ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು.

"ಬೇಕಾಗಿಲ್ಲ."

ಚಾಕೊಲೇಟ್ ಮುರಿದು ಹಾಕಿದ ಬೋಗುಣಿಯನ್ನು ಮೇಷ್ಟ್ರು ಕಂಬಳಿಯಲ್ಲಿ ಸುತ್ತಿದರು. ಕಂಬಳಿ ಬೆಚ್ಚಗಾಯಿತು, ಚಾಕೊಲೇಟು ಆಗಲಿಲ್ಲ. ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಗಾಳಿ ಬಿಟ್ಟರು. ಪಕ್ಕದಲ್ಲಿದ್ದ ಕೋಕೋ ಪುಡಿ ಎದ್ದು ಅತ್ತೆಯ ಬಿಳಿ ಕೂದಲಿನ ಮೇಲೆ ಕೂತಿತು. "ಪರವಾಗಿಲ್ಲ ಬಿಡಿ," ಎಂದರು ಅತ್ತೆ ಕನ್ನಡಿ ನೋಡಿಕೊಂಡು, "ವಯಸ್ಸು ಸ್ವಲ್ಪ ಇಳಿದ ಹಾಗಿದೆ."

ಆಗ ಮೇಷ್ಟ್ರ ಕಣ್ಣು ಕಿಟಕಿಯಾಚೆ ಹೋಯಿತು. ಹೊರಗೆ ಕಾರು ಬಿಸಿಲಲ್ಲಿ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಕಾರಿನಲ್ಲಿ ಕೂತವರು ಕೂತಷ್ಟೇ ಬೇಗ ಏಳುವುದನ್ನು ಅವರು ಎಷ್ಟು ಸಲ ನೋಡಿರಲಿಲ್ಲ! ಅದೇ ಬೋಗುಣಿಗೆ ಕೆನೆ ಸುರಿದು, ತಟ್ಟೆ ಮುಚ್ಚಿ, ಕಾರಿನ ಮುಂಗಾಜಿನ ಕೆಳಗಿಟ್ಟು, ಕಿಟಕಿಗಳನ್ನು ಏರಿಸಿ ಬಂದರು. ಒಲೆಯಿಲ್ಲ, ಬೆಂಕಿಯಿಲ್ಲ. ಸೂರ್ಯನಿಗೆ ಪ್ರತಿಜ್ಞೆ ಅನ್ವಯಿಸುವುದಿಲ್ಲ.

ಊಟ ಮುಗಿಸಿ ನೋಡಲು ಹೋದರೆ, ಕಾರಿನ ಪಕ್ಕ ಕೊಡೆ ಹಿಡಿದು ಹೆಡ್‌ಮೇಡಂ ನಿಂತಿದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ರಸ್ತೆ ಖಾಲಿ ಇರುತ್ತದೆಂದು ಭಾನುವಾರವೇ ಪಾಠ ಬೇಕೆಂದು ಕೇಳಿದ್ದವರು. ಮೇಷ್ಟ್ರು ಒಪ್ಪಿಕೊಂಡು ಮರೆತಿದ್ದರು.

"ನಿಮ್ಮ ಗಡಿಯಾರ ನಿಂತಿದೆಯಾ ಮೇಷ್ಟ್ರೇ, ಅಥವಾ ನೀವೇ ನಿಂತುಹೋಗಿದ್ದೀರಾ?"

"ಮೇಡಂ, ಇವತ್ತು ಮನೇಲಿ ಸ್ವಲ್ಪ ಕೆಲಸ..."

"ನೆಪ ಹೇಳೋ ಮಕ್ಕಳನ್ನ ಬೇಕಾದಷ್ಟು ನೋಡಿದ್ದೀನಿ. ಹತ್ತಿ."

ಮೇಷ್ಟ್ರು ಹತ್ತಿದರು. ಮುಂಗಾಜಿನ ಕೆಳಗಿದ್ದ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿಕೊಂಡರು. ಹೆಡ್‌ಮೇಡಂ ಕ್ಲಚ್ ಬಿಟ್ಟರು. ಅವರು ಕ್ಲಚ್ ಬಿಡುವುದು ಘಂಟೆ ಹೊಡೆದಾಗ ಶಾಲೆ ಬಿಟ್ಟಂತೆ, ಒಂದೇ ಏಟಿಗೆ. ಕಾರು ನೆಗೆಯಿತು, ನಿಂತಿತು, ಮತ್ತೆ ನೆಗೆಯಿತು. ಬೋಗುಣಿಯೊಳಗೆ ಗುಳುಗುಳು ಸದ್ದಾಯಿತು.

"ನಿಧಾನ ಮೇಡಂ, ನಿಧಾನ! ಮುಂದೆ ರಸ್ತೆಯುಬ್ಬು ಇದೆ!"

"ಕಾಣ್ತಾ ಇದೆ. ಕಣ್ಣು ರಸ್ತೆ ಮೇಲಿರಬೇಕು ಅಂತ ನನಗೆ ಹೇಳೋರು, ನಿಮ್ಮ ಕಣ್ಣು ಬೋಗುಣಿ ಮೇಲಿದೆಯಲ್ಲ? ಏನದು?"

"ಟ್ರಫಲ್ ಮೇಡಂ."

"ಟ್ರಾಫಿಕ್ ಎಲ್ಲಿ? ರಸ್ತೆ ಖಾಲಿ ಇದೆ," ಎಂದು ಹೆಡ್‌ಮೇಡಂ ಉಬ್ಬಿನ ಮೇಲೆ ಕಾರನ್ನು ವಿಮಾನದಂತೆ ಹಾರಿಸಿದರು. ಅಡ್ಡ ಬಂದ ಬೆಕ್ಕಿಗಾಗಿ ಮೇಷ್ಟ್ರು ತಮ್ಮ ಬ್ರೇಕ್ ಒತ್ತಿದಾಗ ಬೋಗುಣಿಯ ಒಂದಂಶ ಅವರ ಅಂಗಿಯ ಮೇಲೆ ವಲಸೆ ಹೋಯಿತು. ಪಾಠ ಮುಗಿದಾಗ ಮೇಷ್ಟ್ರ ಸ್ಥಿತಿ ಹೇಳುವಂತಿರಲಿಲ್ಲ. ಆದರೆ ತಟ್ಟೆ ಸರಿಸಿ ನೋಡಿದರೆ, ಒಳಗೆ ಒಂದೇ ಒಂದು ಗಂಟಿಲ್ಲದೆ ರೇಷ್ಮೆಯಂತೆ ಹೊಳೆಯುವ ಮಿಶ್ರಣ! ಯಾವ ಸೌಟೂ ಹೀಗೆ ಕಲಸಲಾರದು.

ಇನ್ನು ಪುದೀನ. 'ಎರಡೇ ಹನಿ' ಎಂದಿದ್ದಳು ವಿಡಿಯೋದ ಹೆಂಗಸು. ಬಾಟಲಿಯೋ ಅಗಲ ಬಾಯಿಯದು. ಮೇಷ್ಟ್ರು ಬಗ್ಗಿಸುವುದು, ಮತ್ತೆ ನೆಟ್ಟಗೆ ಮಾಡುವುದು ನಡೆದೇ ಇತ್ತು. ಅತ್ತೆಗೆ ತಡೆಯಲಾಗಲಿಲ್ಲ.

"ಕೊಡಿ ಇತ್ಲಾಗೆ ಅಳಿಯಂದಿರೇ. ದಿನಾ ಕಣ್ಣಿಗೆ ಔಷಧಿ ಹಾಕ್ಕೊಳ್ಳೋಳಿಗೆ ಹನಿ ಲೆಕ್ಕ ಹೇಳಿಕೊಡಬೇಕಾ?" ಎಂದು ತಮ್ಮ ಹಳೆಯ ಖಾಲಿ ಹನಿಕೊಳವೆಯನ್ನು ಬಿಸಿನೀರಲ್ಲಿ ತೊಳೆದು ತಂದು, ಟಪ್, ಟಪ್, ಮುಗಿಸಿಯೇಬಿಟ್ಟರು. ಮನೆಯೆಲ್ಲ ತಂಪು ಪರಿಮಳ.

ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆ ಉಂಡೆ ಕಟ್ಟುವ ಕೆಲಸ. ಮೇಷ್ಟ್ರ ಕೈಯೋ ಕೆಂಡ. ಅಂಗೈಯಲ್ಲಿ ಇಟ್ಟದ್ದೆಲ್ಲ ಕರಗಿ ಬೆರಳ ಸಂದಿಯಿಂದ ಇಳಿದು ಮೊಣಕೈ ತಲುಪಿತು. ಕೈ ಕೆಸರಾದರೆ ಬಾಯಿ ಮೊಸರು ಎಂದವರು ಯಾರೋ. ಇಲ್ಲಿ ಕೈ, ಬಾಯಿ, ಮೂಗಿನ ತುದಿ ಎಲ್ಲ ಕೆಸರೇ. ಅತಿಥಿಗಳು ಬರುವ ಹೊತ್ತಾಗಿತ್ತು. ಮೇಷ್ಟ್ರ ಮುಖ ನೋಡಿ ಹೆಂಡತಿಗೆ ಏನನ್ನಿಸಿತೋ, ತಣ್ಣೀರಲ್ಲಿ ಕೈ ತೊಳೆದು ಪಕ್ಕಕ್ಕೆ ಬಂದು ನಿಂತಳು. ಅವಳ ಅಂಗೈಯಲ್ಲಿ ಗೋಲಿಯಂಥ ಉಂಡೆಗಳು ಒಂದರ ಹಿಂದೊಂದು ಹುಟ್ಟಿದವು.

"ನಿನ್ನ ಕೈ ಇಷ್ಟು ತಣ್ಣಗಿದೆಯಾ!" ಎಂದು ಮೇಷ್ಟ್ರು ಬೆರಗಾದರು.

"ಮದುವೆ ಆದಾಗಿಂದ ಹೀಗೇ ಇದೆ. ನೀವು ಈಗ ನೋಡ್ತಾ ಇದ್ದೀರಿ."

ಮೇಷ್ಟ್ರು ಒಂದು ಕ್ಷಣ ಆ ಕೈಗಳನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಇದನ್ನ ನಿನ್ನ ತಂಗಿ ಮುಂದೆ ಬಾಯಿ ಬಿಡಬೇಡ ಕಣೇ," ಎಂದರು.

"ನಾನ್ಯಾಕೆ ಬಿಡಲಿ?" ಎಂದಳು ಹೆಂಡತಿ. ಆ ಮಾತಿನಲ್ಲಿ ಅಷ್ಟು ಸಲೀಸು ಇದ್ದದ್ದಕ್ಕೆ ಮೇಷ್ಟ್ರು ಆಗಲೇ ಎಚ್ಚರಾಗಬೇಕಿತ್ತು.

ಸಂಜೆ ಷಡ್ಡಕ ಒಂದು ಟ್ರಫಲ್ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ. ನಾದಿನಿ ಮೂರನೆಯದಕ್ಕೆ ಕೈ ಹಾಕುತ್ತ, "ಭಾವಾ, ನಿಜವಾಗ್ಲೂ ನೀವೇ ಮಾಡಿದ್ದಾ?" ಎಂದಳು.

"ಎಲ್ಲ ನಾನೇ. ಯಾರ ಒಂದು ಬೆರಳೂ ತಾಕಿಲ್ಲ," ಎಂದು ಮೇಷ್ಟ್ರು ಓರೆಗಣ್ಣಲ್ಲಿ ಹೆಂಡತಿಯನ್ನು ನೋಡಿದರು.

"ಹೌದು ಕಣೇ," ಎಂದಳು ಆಕೆ. "ನಾವು ಅಡುಗೆಮನೆ ಕಡೆ ತಲೆ ಕೂಡ ಹಾಕಿಲ್ಲ. ಅಲ್ವೇನಮ್ಮಾ?"

"ಇಲ್ಲಪ್ಪ," ಎಂದರು ಅತ್ತೆ. "ಎಲ್ಲ ಅಳಿಯಂದಿರ ಕೈಗುಣ."

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಇಂಥ ಹೆಂಡತಿ, ಇಂಥ ಅತ್ತೆ ಯಾರಿಗುಂಟು! ಎದೆ ಉಬ್ಬಿಸಿಕೊಂಡು ಬಾಲ್ಕನಿಗೆ ಬಂದರು. ಷಡ್ಡಕ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದ. ಅವನ ಮುಖ ಸಾವಿನ ಮನೆಗೆ ಬಂದವನಂತಿತ್ತು.

"ಅಣ್ಣಾ, ಯಾಕೆ ಹೀಗೆ ಮಾಡ್ಕೊಂಡ್ರಿ?"

"ಯಾಕೆ? ಪುದೀನ ಜಾಸ್ತಿ ಆಯ್ತಾ?"

"ಜಾಸ್ತಿ ಆಗಿದ್ರೆ ಬಚಾವಾಗ್ತಿದ್ರಿ! ಚೆನ್ನಾಗಿದೆ ಅಣ್ಣಾ, ಅದೇ ಎಡವಟ್ಟಾಗಿರೋದು." ಅವನು ದನಿ ತಗ್ಗಿಸಿದ. "ಮದುವೆ ಆದ ಹೊಸದರಲ್ಲಿ ನಾನು ಒಂದು ಆಮ್ಲೆಟ್ ಹಾಕಿದೆ. ಒಂದೇ ಒಂದು. ನನ್ನ ಗ್ರಹಚಾರ, ಹರೀದೆ ಮಗುಚಿಕೊಳ್ತು. ಅವತ್ತು ಒಳಗೆ ಹೋದವನು ಇನ್ನೂ ಹೊರಗೆ ಬಂದಿಲ್ಲ. ಬೆಳಿಗ್ಗೆ ನಾನೇ, ರಾತ್ರಿ ನಾನೇ."

"ಮತ್ತೆ ಆ ಕೇಕು?"

"ಶೋಕಿಗೆ ಅಂದ್ಕೊಂಡ್ರಾ? ಕೇಕ್ ಮಾಡಿದ ದಿನ ಮಾತ್ರ ಪಾತ್ರೆ ಅವಳು ತೊಳೀತಾಳೆ. ಅಷ್ಟು ವಿಶ್ರಾಂತಿಗೋಸ್ಕರ ಅಣ್ಣಾ!" ಷಡ್ಡಕ ನಿಟ್ಟುಸಿರಿಟ್ಟ. "ನಿಮ್ಮನ್ನ ನೋಡಿ ನನಗೆಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ? ಹೆಂಡತಿನೇ ಅಡುಗೆಮನೆಗೆ ಬರಬೇಡಿ ಅಂತ ಹೇಳೋ ಭಾಗ್ಯ! ಎಂಥ ಬುದ್ಧಿವಂತರು ಅಂದ್ಕೊಂಡಿದ್ದೆ. ಹಾಳು ಮಾಡ್ಕೊಂಡುಬಿಟ್ರಿ."

ಮೇಷ್ಟ್ರ ಬೆನ್ನಲ್ಲಿ ಪುದೀನಕ್ಕಿಂತ ತಣ್ಣನೆಯದೇನೋ ಇಳಿಯಿತು. ಒಳಗೆ ಓಡಿದರು.

"ನೋಡಮ್ಮ, ನಿಜ ಹೇಳ್ಬೇಕಂದ್ರೆ ನಾನೇನೂ ಮಾಡಿಲ್ಲ! ಉಂಡೆ ಕಟ್ಟಿದ್ದು ನಿಮ್ಮಕ್ಕ. ಹನಿ ಹಾಕಿದ್ದು ನಿಮ್ಮಮ್ಮ. ಕಲಸಿದ್ದು ನಮ್ಮ ಹೆಡ್‌ಮೇಡಂ, ಕಾರಲ್ಲಿ! ಕರಗಿಸಿದ್ದು ಸೂರ್ಯ!"

"ಅಯ್ಯೋ, ಎಂಥ ವಿನಯ ನೋಡೇ ಅಕ್ಕಾ ಭಾವಂದು!" ಎಂದಳು ನಾದಿನಿ. "ನಮ್ಮವರೂ ಶುರೂನಲ್ಲಿ ಹೀಗೇ ಹೇಳ್ತಿದ್ರು."

"ಸೂರ್ಯ ಅಂತೆ!" ಎಂದು ಅತ್ತೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು.

ಅತಿಥಿಗಳನ್ನು ಬೀಳ್ಕೊಟ್ಟು ಬಂದಾಗ ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಟ್ರಫಲ್ ಅವಳ ಬಾಯಲ್ಲಿತ್ತು.

"ರೀ, ನಾಳೆ ಬೆಳಿಗ್ಗೆ ಏನು ನಿಮ್ಮದು?"

"ಏಳಕ್ಕೆ ಒಂದು ಕ್ಲಾಸಿದೆ. ಆಮೇಲೆ ಖಾಲಿ. ಯಾಕೆ?"

"ಅದಲ್ಲ," ಎಂದಳು ಆಕೆ, ಚಾಕೊಲೇಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸುತ್ತ. "ತಿಂಡಿಗೆ."